ಸತ್ತವನ ಹೃದಯದ ಮೇಲೊಂದು ಗುಮಾನಿ

ಸಾವಿನ ಮನೆಗೆ ಹೋದವರು ಸ್ವಲ್ಪ ಹೊತ್ತು ಸುಮ್ಮನೆ ಕುಳಿತು, ಆಮೇಲೆ ಪಕ್ಕದವರ ಬಳಿ ಮೆಲ್ಲಗೆ ಕೇಳುವ ಪ್ರಶ್ನೆ ಒಂದೇ: "ಏನಾಗಿತ್ತು?" ತೀರಿಕೊಂಡವರು ಎಂಬತ್ತು ದಾಟಿದ ಅಜ್ಜನಾಗಿದ್ದರೆ ಅದು ಬರೀ ಉಪಚಾರದ ಮಾತು. ಆದರೆ ಮಯ್ಯಿತ್ ಇಪ್ಪತ್ತೇಳರ ಹರೆಯದ, ನಿನ್ನೆ ಸಂಜೆಯವರೆಗೆ ಮೈದಾನದಲ್ಲಿ ಓಡುತ್ತಿದ್ದ ಹುಡುಗನದ್ದಾಗಿದ್ದರೆ ಪ್ರಶ್ನೆ ಅಷ್ಟಕ್ಕೆ ನಿಲ್ಲುವುದಿಲ್ಲ. ಜನ ಅಂಗಳ ದಾಟುವಷ್ಟರಲ್ಲಿ ಅದಕ್ಕೆ ಹತ್ತು ಉತ್ತರಗಳು ಹುಟ್ಟಿರುತ್ತವೆ. ಕುಡಿಯುತ್ತಿದ್ದನಂತೆ, ಮೈ ಬೆಳೆಸಲು ಏನೋ ಪುಡಿ ತಿನ್ನುತ್ತಿದ್ದನಂತೆ, ಯಾವುದೋ ಸೂಜಿ ಚುಚ್ಚಿಸಿಕೊಂಡಿದ್ದನಂತೆ. ಹೇಳಿದವರು ಯಾರೆಂದು ಹೇಳದೆ ಮಾತನ್ನು ಮುಂದಕ್ಕೆ ದಾಟಿಸಲು ನಮ್ಮ ಕನ್ನಡದಲ್ಲಿ ಎರಡಕ್ಷರ ಸಾಕು. ಆ 'ಅಂತೆ'ಗಳು ಸೇರಿಯೇ ಕಂತೆಯಾಗುವುದು.

ಇಂತಹ ಒಂದು ಕಂತೆಯ ಕಥೆಯನ್ನು ನಾವಿಲ್ಲಿ ಹೇಳ ಹೊರಟಿದ್ದೇವೆ. ಅದು ನಡೆದದ್ದು ಅಮೆರಿಕದ ಬೋಸ್ಟನ್ ನಗರದಲ್ಲಿ. ಸತ್ತವನು ಬಾಸ್ಕೆಟ್‌ಬಾಲ್ ಆಟಗಾರ. ಅವನ ಹೆಸರು ನಮ್ಮ ಓದುಗರಲ್ಲಿ ಹೆಚ್ಚಿನವರಿಗೆ ಪರಿಚಿತವಲ್ಲ. ಆದರೆ ಅವನು ಸತ್ತ ಮೇಲೆ ನಡೆದುದೆಲ್ಲ ಎಲ್ಲರಿಗೂ ಪರಿಚಿತವೇ.

ರೆಗ್ಗಿ ಲೂಯಿಸ್ ಹುಟ್ಟಿದ್ದು 1965ರಲ್ಲಿ, ಬಾಲ್ಟಿಮೋರ್ ನಗರದ ಬಡ ಕಪ್ಪು ಜನರ ನಡುವೆ. ಅಲ್ಲಿನ ಡನ್‌ಬಾರ್ ಶಾಲೆಯ ತಂಡ ಆಗ ಸೋಲೇ ಕಾಣದ ತಂಡ. ಅದರಲ್ಲಿ ಈತ ಮೊದಲ ಐವರಲ್ಲೂ ಇರಲಿಲ್ಲ. ಬೆಂಚಿನಿಂದ ಎದ್ದು ಬರುವ ಆರನೆಯವನು. ಹಾಗಿದ್ದವನು ಬೋಸ್ಟನ್ನಿನ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾನಿಲಯ ಸೇರಿ ನಾಲ್ಕು ವರ್ಷಗಳಲ್ಲಿ 2,708 ಅಂಕ ಗಳಿಸಿದ. 1987ರಲ್ಲಿ ಅದೇ ಊರಿನ ಹೆಸರಾಂತ ವೃತ್ತಿಪರ ತಂಡ ಸೆಲ್ಟಿಕ್ಸ್ ಅವನನ್ನು ಆರಿಸಿಕೊಂಡಿತು. 1992ರಲ್ಲಿ ಲ್ಯಾರಿ ಬರ್ಡ್ ನಿವೃತ್ತನಾದ ನಂತರ ಲೂಯಿಸ್ ನಾಯಕನಾದ. ಮಾತು ಕಡಿಮೆಯ ಮನುಷ್ಯ. ನವೆಂಬರಿನ ಹಬ್ಬಕ್ಕೆ ಊರಿನ ಬಡವರಿಗೆ ತಾನೇ ನಿಂತು ಟರ್ಕಿ ಕೋಳಿ ಹಂಚುತ್ತಿದ್ದುದನ್ನು ಬೋಸ್ಟನ್ನಿನ ಜನ ಇಂದಿಗೂ ನೆನೆಯುತ್ತಾರೆ.

1993ರ ಏಪ್ರಿಲ್ 29ರಂದು ಷಾರ್ಲಟ್ ತಂಡದ ಎದುರು ಆಡುತ್ತಿದ್ದಾಗ ಯಾರೂ ತಾಗದೆ, ಯಾರೂ ತಳ್ಳದೆ ಅವನು ಅಂಗಣದಲ್ಲಿ ಕುಸಿದ. ಎದ್ದ, ತಲೆ ಕೊಡವಿಕೊಂಡ, ಸ್ವಲ್ಪ ಹೊತ್ತು ಮತ್ತೆ ಆಡಿದ ಕೂಡ. ತಂಡದವರು ಹನ್ನೆರಡು ಮಂದಿ ಹೃದಯ ತಜ್ಞರನ್ನು ಸೇರಿಸಿದರು. ಪತ್ರಿಕೆಗಳು ಅದನ್ನು ವೈದ್ಯರ 'ಕನಸಿನ ತಂಡ' ಎಂದು ಕರೆದವು. ಹೃದಯದ ಸ್ನಾಯುವಿನಲ್ಲೇ ರೋಗವಿದೆ, ಇನ್ನು ಆಟ ಮುಗಿಯಿತೆಂದೇ ತಿಳಿಯಬೇಕು ಎಂಬುದು ಆ ತಂಡದ ಅಭಿಪ್ರಾಯ. ಲೂಯಿಸ್ ಅದೇ ರಾತ್ರಿ ಆ ಆಸ್ಪತ್ರೆಯನ್ನು ಬಿಟ್ಟು ಊರಿನ ಇನ್ನೊಂದು ದೊಡ್ಡ ಆಸ್ಪತ್ರೆಗೆ ಹೋದ. ಅಲ್ಲಿನ ಹಿರಿಯ ಹೃದಯ ತಜ್ಞ ಡಾ. ಗಿಲ್ಬರ್ಟ್ ಮಡ್ಜ್ ಮೇ 10ರಂದು ಪತ್ರಿಕಾಗೋಷ್ಠಿ ಕರೆದು, ಇದು ಆಟಗಾರನೊಬ್ಬನ ಸಹಜ ಹೃದಯ, ನರಗಳ ಏರುಪೇರಿನಿಂದ ರಕ್ತದೊತ್ತಡ ಇಳಿದು ತಲೆ ಸುತ್ತಿದೆ ಅಷ್ಟೆ, ಈತ ಮತ್ತೆ ಆಡಬಲ್ಲ ಎಂದು ಹೇಳಿದರು. ಪಕ್ಕದಲ್ಲಿ ಕುಳಿತಿದ್ದ ಲೂಯಿಸನ ಮುಖದಲ್ಲಿ ನಗುವಿತ್ತು.

ಒಂದೇ ಹೃದಯಕ್ಕೆ ಎರಡು ತೀರ್ಪು ಹೇಗೆ ಬಂತು ಎಂದು ಓದುಗರು ಕೇಳಬಹುದು. ಇದರಲ್ಲಿ ಕಪಟ ಹುಡುಕಬೇಕಾಗಿಲ್ಲ. ವರ್ಷಗಟ್ಟಲೆ ಓಡಿ ಬೆವರಿಳಿಸಿದವರ ಹೃದಯ ಸಾಮಾನ್ಯರದ್ದಕ್ಕಿಂತ ದೊಡ್ಡದಾಗುತ್ತದೆ, ಅದರ ಬಡಿತ ನಿಧಾನವಾಗುತ್ತದೆ. 1899ರಲ್ಲೇ ಸ್ವೀಡನ್ನಿನ ಹೆನ್ಶೆನ್ ಎಂಬ ವೈದ್ಯರು ಹಿಮದಲ್ಲಿ ಜಾರುವ ಆಟಗಾರರ ಎದೆಯನ್ನು ಬೆರಳಿನಿಂದ ತಟ್ಟಿ ನೋಡಿಯೇ ಇದನ್ನು ಗುರುತಿಸಿದ್ದರು. ಹೀಗೆ ದುಡಿಮೆಯಿಂದ ಬೆಳೆದ ಹೃದಯವೂ ರೋಗದಿಂದ ದಪ್ಪವಾದ ಹೃದಯವೂ ಒಂದು ಹಂತದವರೆಗೆ ಒಂದೇ ಥರ ಕಾಣುತ್ತವೆ. ಆ ಗಡಿಯಲ್ಲಿ ನಿಂತ ವೈದ್ಯರಿಗೆ ಕಣ್ಣು ಮಾತ್ರ ಸಾಲದು, ರೋಗಿಯ ಬಾಯಿಂದ ಬರುವ ಮಾತೂ ಬೇಕು. ಮನೆಯಲ್ಲಿ ಯಾರಾದರೂ ಹೀಗೆ ಸತ್ತಿದ್ದರೇ? ಹಿಂದೆ ತಲೆ ಸುತ್ತಿತ್ತೇ? ಏನಾದರೂ ಸೇವಿಸುತ್ತೀರಾ? ಈ ಕೊನೆಯ ಪ್ರಶ್ನೆಗೆ ನಾವು ಮತ್ತೆ ಬರುತ್ತೇವೆ.

ಜುಲೈ 27ರ ಸಂಜೆ ಬೋಸ್ಟನ್ನಿನ ಹೊರವಲಯದ ಬ್ರಾಂಡೈಸ್ ವಿಶ್ವವಿದ್ಯಾನಿಲಯದ ಒಳಾಂಗಣದಲ್ಲಿ ಲೂಯಿಸ್ ಒಂಟಿಯಾಗಿಯೇ ಎಂಬಂತೆ ಚೆಂಡು ಎಸೆಯುತ್ತಿದ್ದ. ಜೋರಾದ ಆಟವೇನೂ ಅಲ್ಲ. ಅಲ್ಲೇ ಬಿದ್ದವನು ಮತ್ತೆ ಏಳಲಿಲ್ಲ. ವಯಸ್ಸು 27. ಹೆಂಡತಿ ಎರಡನೆಯ ಮಗುವಿನ ಬಸುರಿ. ಅವನು ಓದಿದ ವಿಶ್ವವಿದ್ಯಾನಿಲಯದ ಕ್ರೀಡಾಂಗಣದಲ್ಲೇ ಅಂತ್ಯಸಂಸ್ಕಾರದ ಪ್ರಾರ್ಥನೆ ನಡೆಯಿತು. ಸಾವಿರಾರು ಜನ ಬಂದಿದ್ದರು.

ಸರಕಾರದ ಶವಪರೀಕ್ಷಾ ಅಧಿಕಾರಿಗಳು ತಿಂಗಳುಗಳ ನಂತರ ಕೊಟ್ಟ ಕಾರಣ ಹೀಗಿತ್ತು: ಅಡಿನೋ ಎಂಬ ವೈರಸ್ಸಿನಿಂದ ಹೃದಯದ ಸ್ನಾಯು ಉರಿಯೂತಕ್ಕೆ ಒಳಗಾಗಿದೆ, ಅದರ ಮೇಲೆಲ್ಲ ಗಾಯದ ಕಲೆಗಳು ಹರಡಿವೆ. ಇದು ನೆಗಡಿ ಕೆಮ್ಮು ತರುವ ವೈರಸ್ಸುಗಳ ಜಾತಿಗೆ ಸೇರಿದ್ದು. ನೂರರಲ್ಲಿ ತೊಂಬತ್ತೊಂಬತ್ತು ಮಂದಿಗೆ ಮೂಗು ಸೋರಿಸಿ ಹೋಗುವಂತಹದು ಯಾರದ್ದೋ ಒಬ್ಬರ ಹೃದಯದಲ್ಲಿ ಕುಳಿತುಬಿಡುತ್ತದೆ. ಹೃದಯದ ಬಡಿತವನ್ನು ನಡೆಸುವುದು ಸಣ್ಣ ವಿದ್ಯುತ್ ಸಂಚಾರ. ಕಲೆಗಟ್ಟಿದ ಜಾಗದಲ್ಲಿ ಆ ಸಂಚಾರ ದಾರಿ ತಪ್ಪಿದರೆ ಹೃದಯ ಬಡಿಯುವ ಬದಲು ಸುಮ್ಮನೆ ಅದುರತೊಡಗುತ್ತದೆ. ರಕ್ತ ಮಿದುಳಿಗೆ ಹೋಗುವುದಿಲ್ಲ. ಇದು ಹೃದಯ ಸ್ತಂಭನ. ರಕ್ತನಾಳ ಕಟ್ಟಿಕೊಂಡು ಆಗುವ ಹೃದಯಾಘಾತವೇ ಬೇರೆ. ನಮ್ಮಲ್ಲಿ ಎರಡನ್ನೂ 'ಹಾರ್ಟ್ ಅಟ್ಯಾಕ್' ಎಂದೇ ಕರೆಯುವುದು ವಾಡಿಕೆ. ಹರೆಯದ ಆಟಗಾರರನ್ನು ಹೆಚ್ಚಾಗಿ ಕೊಲ್ಲುವುದು ನಾಳದ ಕೊಬ್ಬಲ್ಲ, ಹುಟ್ಟಿನಿಂದ ಬಂದ ಅಥವಾ ಸದ್ದಿಲ್ಲದೆ ಅಂಟಿದ ಇಂತಹ ಸ್ನಾಯು ಮತ್ತು ವಿದ್ಯುತ್ತಿನ ದೋಷಗಳು.

ಆದರೆ ವೈರಸ್ಸಿನ ಕಥೆ ಊರಿಗೆ ರುಚಿಸಲಿಲ್ಲ. ಬೋಸ್ಟನ್ನಿನಲ್ಲಿ ಪಿಸುಗುಡುತ್ತಿದ್ದ ಪದ ಬೇರೆಯೇ ಇತ್ತು: ಕೊಕೇನ್.

ಆ ಪದ ಎಲ್ಲಿಂದ ಬಂತು ಎಂದು ತಿಳಿಯಲು ಏಳು ವರ್ಷ ಹಿಂದೆ ಹೋಗಬೇಕು. 1986ರ ಜೂನ್ 17ರಂದು ಇದೇ ಸೆಲ್ಟಿಕ್ಸ್ ತಂಡ ಲೆನ್ ಬಯಾಸ್ ಎಂಬ 22ರ ತರುಣನನ್ನು ಆರಿಸಿಕೊಂಡಿತ್ತು. ಇಡೀ ದೇಶದ ಹೊಸ ಆಟಗಾರರಲ್ಲಿ ಎರಡನೆಯ ಆಯ್ಕೆ ಆತ. ಅವನೂ ಕಪ್ಪು ಜನಾಂಗದವನು. ಹಸಿರು ಟೋಪಿ ತೊಟ್ಟು, ಬೋಸ್ಟನ್ನಿಗೆ ಹೋಗಿ, ಮೇರಿಲ್ಯಾಂಡಿನ ತನ್ನ ವಿಶ್ವವಿದ್ಯಾನಿಲಯಕ್ಕೆ ಮರಳಿದ ಆತ ಗೆಳೆಯರ ಜೊತೆ ರಾತ್ರಿಯಿಡೀ ಸಂಭ್ರಮಿಸಿ 19ರ ಬೆಳಗ್ಗೆ ಸತ್ತ. ಶವಪರೀಕ್ಷೆಯಲ್ಲಿ ಕೊಕೇನ್ ಸಿಕ್ಕಿತು. ಅಲ್ಲಿಗೆ ಅದು ಊಹೆಯಲ್ಲ, ಸತ್ಯ. ಆದರೆ ಸತ್ಯದ ಬೆನ್ನಿಗೆ ಒಂದು ಊಹೆ ಅಂಟಿಕೊಂಡಿತು: ಆತ ಸೇದಿದ್ದು 'ಕ್ರ್ಯಾಕ್' ಅಂತೆ. ಕ್ರ್ಯಾಕ್ ಎಂದರೆ ಕೊಕೇನ್ ಪುಡಿಯನ್ನು ಅಡಿಗೆ ಸೋಡಾದೊಂದಿಗೆ ಕುದಿಸಿ ಮಾಡುವ ಅಗ್ಗದ ಹರಳು. ಪುಡಿ ಸಿರಿವಂತ ಬಿಳಿಯರ ಪಾರ್ಟಿಗಳದ್ದು, ಹರಳು ಬಡ ಕರಿಯರ ಕೇರಿಗಳದ್ದು ಎಂಬುದು ಆಗಿನ ಚಿತ್ರ. ಬಯಾಸ್ ಸೇವಿಸಿದ್ದು ಪುಡಿಯನ್ನೇ ಎಂದು ಮುಂದೆ ನ್ಯಾಯಾಲಯದಲ್ಲಿ ಜೊತೆಗಿದ್ದವರು ಸಾಕ್ಷಿ ಹೇಳಿದರು. ಅಷ್ಟರಲ್ಲಿ ಕಾಲ ಮೀರಿತ್ತು.

ಏಕೆಂದರೆ ಆಗ ಅಮೆರಿಕದ ಸಂಸತ್ತಿನ ಕೆಳಮನೆಯ ಸ್ಪೀಕರ್ ಆಗಿದ್ದವರು ಟಿಪ್ ಓನೀಲ್, ಬೋಸ್ಟನ್ ಭಾಗದ ಪ್ರತಿನಿಧಿ. ಜುಲೈ ರಜೆಗೆ ಊರಿಗೆ ಹೋದಾಗ ಅವರ ಕಿವಿಗೆ ಬಿದ್ದದ್ದು ಬಯಾಸ್ ಸಾವಿನ ಮಾತೇ. ಚುನಾವಣೆ ಹತ್ತಿರವಿತ್ತು. ಹಿಂತಿರುಗಿದವರೇ ಮಾದಕ ವಸ್ತು ವಿರೋಧಿ ಮಸೂದೆಗೆ ಅವಸರ ಹಚ್ಚಿದರು. ಸಾಮಾನ್ಯವಾಗಿ ನಡೆಯುವ ವಿಚಾರಣೆಗಳಿಲ್ಲದೆ ಮಸೂದೆ ಓಡಿತು. ಅಕ್ಟೋಬರ್ 27ರಂದು ಅಧ್ಯಕ್ಷ ರೇಗನ್ ಸಹಿ ಹಾಕಿದರು. ಅದರ ಒಂದು ಕಲಮು ಹೀಗಿತ್ತು: 5 ಗ್ರಾಂ ಕ್ರ್ಯಾಕ್ ಮಾರಾಟಕ್ಕೆ ಕನಿಷ್ಠ ಐದು ವರ್ಷ ಜೈಲು, ಪುಡಿಯಾದರೆ ಅದೇ ಐದು ವರ್ಷಕ್ಕೆ 500 ಗ್ರಾಂ ಬೇಕು. ಒಂದಕ್ಕೆ ನೂರರ ಅನುಪಾತ! ಮುಂದಿನ ಎರಡು ದಶಕಗಳಲ್ಲಿ ಕ್ರ್ಯಾಕ್ ಪ್ರಕರಣಗಳಲ್ಲಿ ಒಕ್ಕೂಟದ ಜೈಲು ಸೇರಿದವರಲ್ಲಿ ಹತ್ತಕ್ಕೆ ಎಂಟು ಮಂದಿಗಿಂತ ಹೆಚ್ಚು ಕಪ್ಪು ಜನರೇ. 1995ರಲ್ಲಿ ಶಿಕ್ಷಾ ಆಯೋಗವೇ ಈ ತಾರತಮ್ಯ ತೆಗೆಯಿರಿ ಎಂದಿತು, ಸಂಸತ್ತು ಒಪ್ಪಲಿಲ್ಲ. 2010ರಲ್ಲಿ ಒಬಾಮಾ ಕಾಲದಲ್ಲಿ ಅನುಪಾತ ಒಂದಕ್ಕೆ ಹದಿನೆಂಟಾಯಿತು. ಹಳೆಯ ಕಾನೂನಿನಡಿ ಒಳಗೆ ಕುಳಿತಿದ್ದವರಿಗೆ ಅದರ ಲಾಭ ಸಿಕ್ಕಿದ್ದು 2018ರ ಕೊನೆಗೆ. ಒಬ್ಬ ಆಟಗಾರನ ನಿಂತ ಹೃದಯದ ಮೇಲಿನ ಮಾತುಗಳು ಎಷ್ಟು ಮನೆಗಳ ಬಾಗಿಲಿಗೆ ಬೀಗ ಹಾಕಿದವು ನೋಡಿ.

ಬಯಾಸ್ ಸಾಯುವುದಕ್ಕೆ ಐದು ತಿಂಗಳ ಹಿಂದೆ, ಅದೇ 1986ರ ಜನವರಿ 24ರಂದು, ಇನ್ನೊಬ್ಬ ಕಪ್ಪು ಆಟಗಾರ್ತಿ ಸತ್ತಿದ್ದಳು. ಫ್ಲೋ ಹೈಮನ್, ಅಮೆರಿಕದ ಹೆಸರಾಂತ ವಾಲಿಬಾಲ್ ಆಟಗಾರ್ತಿ, ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದ ತಂಡದವಳು, ಆರೂವರೆ ಅಡಿಗೆ ಹತ್ತಿರದ ಎತ್ತರ. ಜಪಾನಿನಲ್ಲಿ ಪಂದ್ಯದ ಮಧ್ಯೆ ಬೆಂಚಿನಲ್ಲಿ ಕುಳಿತಿದ್ದವಳು ಹಾಗೆಯೇ ನೆಲಕ್ಕೆ ಜಾರಿದಳು. ಹೃದಯಾಘಾತ ಎಂದರು. ಮನೆಯವರಿಗೆ ಸಮಾಧಾನವಾಗಲಿಲ್ಲ. ಶವವನ್ನು ಊರಿಗೆ ತರಿಸಿ ಪರೀಕ್ಷೆ ಮಾಡಿಸಿದರು. ಆಕೆಗೆ ಮಾರ್ಫನ್ ಎಂಬ ವಂಶವಾಹಿ ತೊಂದರೆಯಿತ್ತು. ಹೃದಯದಿಂದ ಹೊರಡುವ ಮಹಾಧಮನಿ ಒಡೆದಿತ್ತು. ಅವಳ ಎತ್ತರ, ಉದ್ದ ಕೈಬೆರಳು, ಜನ ದೇವರ ಕೊಡುಗೆ ಎಂದುಕೊಂಡದ್ದೆಲ್ಲ ಆ ತೊಂದರೆಯ ಗುರುತುಗಳೇ. ತಕ್ಷಣ ಸಹೋದರನನ್ನೂ ಪರೀಕ್ಷಿಸಿದರು. ಅವನಿಗೂ ಅದೇ ಇತ್ತು. ವಾರಗಳೊಳಗೆ ಎದೆ ತೆರೆದು ಶಸ್ತ್ರಚಿಕಿತ್ಸೆ ಮಾಡಿದರು, ಆತ ಬದುಕಿಕೊಂಡ. ನಾವು ಈ ಘಟನೆಯನ್ನು ಬಹಳ ದಿನ ಮನಸ್ಸಿನಲ್ಲಿ ಹೊತ್ತು ತಿರುಗಿದ್ದೇವೆ.

1990ರ ಮಾರ್ಚ್ 4ರಂದು ಕ್ಯಾಲಿಫೋರ್ನಿಯಾದಲ್ಲಿ ಹ್ಯಾಂಕ್ ಗೇದರ್ಸ್ ಎಂಬ 23ರ ಬಾಸ್ಕೆಟ್‌ಬಾಲ್ ಆಟಗಾರ ಸಾವಿರಾರು ಜನರ ಕಣ್ಣೆದುರು ಬಿದ್ದು ಸತ್ತ. ಮೂರು ತಿಂಗಳ ಹಿಂದೆ ಒಮ್ಮೆ ಬಿದ್ದಿದ್ದ. ಹೃದಯದ ಲಯ ತಪ್ಪಿದೆ ಎಂದು ವೈದ್ಯರು ಔಷಧ ಕೊಟ್ಟಿದ್ದರು. ಅದು ತನ್ನ ವೇಗ ಕುಗ್ಗಿಸುತ್ತದೆ ಎಂಬ ಕೊರಗು ಅವನಿಗೆ, ಪ್ರಮಾಣ ಇಳಿಸಲಾಗಿತ್ತು. ರೋಗವೂ ಗೊತ್ತಿತ್ತು, ಔಷಧವೂ ಇತ್ತು, ಆಟ ಬಿಡಲು ಮನಸ್ಸು ಮಾತ್ರ ಬರಲಿಲ್ಲ.

ಹೀಗೆ ಲೂಯಿಸ್ ಸಾಯುವ ಹೊತ್ತಿಗೆ ಅಮೆರಿಕದ ಮುಂದೆ ಮೂರು ಮಾದರಿಗಳಿದ್ದವು. ಜನ ಎತ್ತಿಕೊಂಡದ್ದು ಬಯಾಸನ ಮಾದರಿಯನ್ನು. ಅದೇ ತಂಡ, ಅದೇ ಬಣ್ಣ, ಅದೇ ಹರೆಯ ಎಂಬುದು ನೆವ. ಆದರೆ ಬೋಸ್ಟನ್ನಿನ ಗಾಳಿಯಲ್ಲೂ ಏನೋ ಇತ್ತು. 1989ರ ಅಕ್ಟೋಬರಿನಲ್ಲಿ ಚಾರ್ಲ್ಸ್ ಸ್ಟುವರ್ಟ್ ಎಂಬ ಬಿಳಿಯ ತನ್ನ ಗರ್ಭಿಣಿ ಹೆಂಡತಿಯನ್ನು ತಾನೇ ಕೊಂದು, ಕಪ್ಪು ಮನುಷ್ಯನೊಬ್ಬ ಗುಂಡು ಹೊಡೆದ ಎಂದು ಹೇಳಿದ. ಊರು ನಂಬಿತು. ಪೊಲೀಸರು ಮಿಷನ್ ಹಿಲ್ ಎಂಬ ಕೇರಿಗೆ ನುಗ್ಗಿ ಕಪ್ಪು ಹುಡುಗರನ್ನು ಬೀದಿಯಲ್ಲಿ ನಿಲ್ಲಿಸಿ ಶೋಧಿಸಿದರು. ಜನವರಿಯಲ್ಲಿ ಸತ್ಯ ಹೊರಬೀಳುವಾಗ ಸ್ಟುವರ್ಟ್ ಸೇತುವೆಯಿಂದ ಹಾರಿ ಸತ್ತ. ಮರುವರ್ಷ, 1990ರ ಸೆಪ್ಟೆಂಬರಿನಲ್ಲಿ, ಸೆಲ್ಟಿಕ್ಸ್ ತಂಡಕ್ಕೆ ಹೊಸದಾಗಿ ಸೇರಿದ್ದ ಡೀ ಬ್ರೌನ್ ಬೋಸ್ಟನ್ ಪಕ್ಕದ ವೆಲ್ಸ್ಲಿ ಎಂಬ ಸಿರಿವಂತರ ಊರಿನಲ್ಲಿ ಅಂಚೆ ಕಚೇರಿಯ ಮುಂದೆ ಕಾರಿನಲ್ಲಿ ಕುಳಿತಿದ್ದಾಗ ಪೊಲೀಸರು ಬಂದೂಕು ಹಿಡಿದು ಅವನನ್ನು ನೆಲಕ್ಕೆ ಮಲಗಿಸಿದರು. ಬ್ಯಾಂಕ್ ದರೋಡೆ ಮಾಡಿದವನ ಹಾಗೆ ಕಾಣುತ್ತಾನೆ ಎಂದು ಯಾರೋ ಹೇಳಿದ್ದರಂತೆ. ಬ್ರೌನ್ ಲೂಯಿಸನ ಜೊತೆ ಆಡುತ್ತಿದ್ದವನು. ಗುಮಾನಿಗೆ ಒಂದು ಕಾಯಂ ವಿಳಾಸವಿರುತ್ತದೆ ಎಂಬುದನ್ನು ನಮ್ಮ ಓದುಗರಿಗೆ, ಅದರಲ್ಲೂ ಊರಿನಲ್ಲಿ ಏನಾದರೂ ನಡೆದ ದಿನ ತಮ್ಮ ಮಕ್ಕಳನ್ನು ಹೊರಗೆ ಕಳುಹಿಸಲು ಅಂಜುವ ತಾಯಂದಿರಿಗೆ, ನಾವು ವಿವರಿಸಿ ಹೇಳಬೇಕಾಗಿಲ್ಲ.

1995ರ ಮಾರ್ಚ್ 9ರಂದು ವಾಲ್ ಸ್ಟ್ರೀಟ್ ಜರ್ನಲ್ ಎಂಬ ದೊಡ್ಡ ಪತ್ರಿಕೆ ಈ ಪಿಸುಮಾತನ್ನು ಮುಖಪುಟಕ್ಕೆ ತಂದಿತು. ಕೆಲವು ವೈದ್ಯರಿಗೆ ಕೊಕೇನಿನ ಸಂಶಯವಿತ್ತು, ಲೂಯಿಸ್ ಪರೀಕ್ಷೆಗೆ ಒಪ್ಪಲಿಲ್ಲ, ಹಣ ಮತ್ತು ಹೆಸರು ಕೆಡುವ ಭಯದಿಂದ ಯಾರೂ ಆ ಜಾಡು ಹಿಡಿದು ಹೋಗಲಿಲ್ಲ ಎಂಬುದು ವರದಿಯ ಸಾರ. ಕುಟುಂಬ ಮತ್ತು ತಂಡ ಅದನ್ನು ಸಾರಾಸಗಟಾಗಿ ನಿರಾಕರಿಸಿದವು. ಎರಡು ವಾರ ಕಳೆಯುವ ಮುನ್ನ, ಮಾರ್ಚ್ 22ರಂದು, ತಂಡವು ಅವನ 35ನೆಯ ಸಂಖ್ಯೆಯ ಅಂಗಿಯನ್ನು ಇನ್ನಾರಿಗೂ ಕೊಡದೆ ಕ್ರೀಡಾಂಗಣದ ಚಾವಣಿಗೆ ಏರಿಸಿ ಗೌರವಿಸಿತು. ಮರುವರ್ಷ ಲೂಯಿಸನ ಪತ್ನಿ ವೈದ್ಯರ ವಿರುದ್ಧ ದಾವೆ ಹೂಡಿದರು. 1999ರ ವಿಚಾರಣೆಯಲ್ಲಿ ಡಾ. ಮಡ್ಜ್, ಲೂಯಿಸ್ ತನ್ನ ಬಳಿ ಕೊಕೇನ್ ಬಳಸಿದ್ದಾಗಿ ಒಪ್ಪಿಕೊಂಡಿದ್ದ ಎಂದು ಸಾಕ್ಷಿ ನುಡಿದರು. ಪತ್ನಿ ಅದು ಸುಳ್ಳೆಂದರು. ಮಡ್ಜ್ ವಿಷಯದಲ್ಲಿ ಜ್ಯೂರಿ ಒಮ್ಮತಕ್ಕೆ ಬರಲಿಲ್ಲ. 2000ದಲ್ಲಿ ಎರಡನೆಯ ವಿಚಾರಣೆ ನಡೆದು, ಅವರಿಂದ ನಿರ್ಲಕ್ಷ್ಯವಾಗಿಲ್ಲ ಎಂಬ ತೀರ್ಪು ಬಂತು. ತೀರ್ಪು ಅಷ್ಟನ್ನೇ ಹೇಳಿತು. ಲೂಯಿಸ್ ಏನು ಸೇವಿಸಿದ್ದ, ಏನು ಸೇವಿಸಿರಲಿಲ್ಲ ಎಂಬುದು ನ್ಯಾಯಾಲಯದ ಮುಂದಿದ್ದ ಪ್ರಶ್ನೆಯೇ ಅಲ್ಲ. ಸರಕಾರದ ಮರಣ ಪತ್ರದಲ್ಲಿ ಇಂದಿಗೂ ಇರುವುದು ವೈರಸ್ಸಿನ ಹೆಸರು.

ಇಲ್ಲಿ ನಮ್ಮ ಅಭಿಪ್ರಾಯವನ್ನು ಹೇಳಿಬಿಡುತ್ತೇವೆ. ಕೊಕೇನ್ ಬಗ್ಗೆ ಕೇಳಿದ್ದೇ ತಪ್ಪು ಎಂದು ವಾದಿಸುವವರ ಜೊತೆ ನಾವಿಲ್ಲ. ಕೊಕೇನ್ ಹೃದಯವನ್ನು ಕೆಡಿಸುತ್ತದೆ. ಬಿದ್ದ ಆಟಗಾರನ ಬಳಿ ಅದನ್ನು ಕೇಳದ ವೈದ್ಯ ಅರ್ಧ ವೈದ್ಯ. ಆದರೆ ಬಾಗಿಲು ಮುಚ್ಚಿದ ಕೋಣೆಯಲ್ಲಿ ವೈದ್ಯರು ಕೇಳುವ ಪ್ರಶ್ನೆ ಒಂದು, ಚೌಕದಲ್ಲಿ ನಿಂತು ಊರು ಕೇಳುವ ಪ್ರಶ್ನೆ ಇನ್ನೊಂದು. ಮೊದಲನೆಯದಕ್ಕೆ ಉತ್ತರಿಸಿದರೆ ಜೀವ ಉಳಿಯಬಹುದು, ಎರಡನೆಯದಕ್ಕೆ ಉತ್ತರಿಸಿದರೆ ಮಾನ ಹೋಗುತ್ತದೆ. ಊರಿನ ಪ್ರಶ್ನೆ ಜೋರಾದಷ್ಟೂ ವೈದ್ಯರ ಪ್ರಶ್ನೆಗೆ ನಿಜ ಹೇಳುವುದು ಕಷ್ಟವಾಗುತ್ತದೆ. ಬಯಾಸ್ ಸತ್ತ ನಂತರದ ಅಮೆರಿಕದಲ್ಲಿ, ಅದೇ ತಂಡದ ಕಪ್ಪು ನಾಯಕನೊಬ್ಬ ರಕ್ತ ಪರೀಕ್ಷೆಗೆ ಕೈ ಚಾಚುವುದೆಂದರೆ ಬರೀ ರಕ್ತ ಕೊಡುವುದಾಗಿರಲಿಲ್ಲ. ನಿರಪರಾಧಿಯೂ ಹಿಂಜರಿಯುವ ಹೊತ್ತು ಅದು. ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯದ ಒಂದೇ ಸೂಕ್ತದಲ್ಲಿ ಗುಮಾನಿ, ಗುಟ್ಟು ಕೆದಕುವುದು, ಬೆನ್ನ ಹಿಂದಿನ ನಿಂದೆ ಈ ಮೂರನ್ನೂ ಇದೇ ಕ್ರಮದಲ್ಲಿ ನಿಷೇಧಿಸಲಾಗಿದೆ. ಬೋಸ್ಟನ್ನಿನ ಕಥೆಯೂ ಇದೇ ಕ್ರಮದಲ್ಲಿ ನಡೆಯಿತು.

ಅದೇ 1995ರ ನವೆಂಬರ್ 20ರಂದು ರಷ್ಯದ ಸರ್ಗೇ ಗ್ರಿಂಕೋವ್, ಮಂಜುಗಡ್ಡೆಯ ಮೇಲೆ ಪತ್ನಿಯ ಜೊತೆ ನರ್ತಿಸಿ ಎರಡು ಬಾರಿ ಒಲಿಂಪಿಕ್ ಚಿನ್ನ ಗೆದ್ದವನು, ಅಮೆರಿಕದ ಲೇಕ್ ಪ್ಲಾಸಿಡ್‌ನಲ್ಲಿ ಅಭ್ಯಾಸದ ಮಧ್ಯೆ ಸತ್ತ. ವಯಸ್ಸು 28. ರಕ್ತನಾಳ ಕಟ್ಟಿಕೊಂಡಿತ್ತು. ಜಗತ್ತು ಅದನ್ನು ಒಂದು ಪ್ರೇಮಕಥೆಯ ದುಃಖಾಂತ್ಯವಾಗಿ ಕಂಡು ಕಣ್ಣೀರಿಟ್ಟಿತು. ಒಂದು ಉದಾಹರಣೆಯಿಂದ ಎಲ್ಲವೂ ಸಾಬೀತಾಗುವುದಿಲ್ಲ, ಒಪ್ಪುತ್ತೇವೆ. ಆದರೂ ಎರಡು ಸಾವುಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಏನೂ ಅನಿಸದಿರಲು ಸಾಧ್ಯವೇ?

ಸಂಶಯದ ವಿಳಾಸ ಈಗ ಬದಲಾಗಿದೆ. 2021ರ ಜೂನ್ 12ರಂದು ಕೋಪನ್‌ಹೇಗನ್‌ನಲ್ಲಿ ಡೆನ್ಮಾರ್ಕಿನ ಕ್ರಿಶ್ಚಿಯನ್ ಎರಿಕ್ಸನ್ ಫಿನ್ಲೆಂಡ್ ಎದುರಿನ ಪಂದ್ಯದಲ್ಲಿ ಕುಸಿದಾಗ, ಅವನನ್ನು ಮೈದಾನದಿಂದ ಸಾಗಿಸುವ ಹೊತ್ತಿಗೇ ಕೋವಿಡ್ ಲಸಿಕೆಯೇ ಕಾರಣ ಎಂಬ ಮಾತು ಲೋಕ ಸುತ್ತಿತ್ತು. ಆತ ಲಸಿಕೆಯನ್ನೇ ತೆಗೆದುಕೊಂಡಿಲ್ಲ ಎಂದು ಅವನ ಕ್ಲಬ್ಬಿನ ನಿರ್ದೇಶಕರು ಹೇಳಬೇಕಾಯಿತು. ಎರಿಕ್ಸನ್ ಬದುಕಿದ್ದು ಊಹೆಗಳಿಂದಲ್ಲ. ಸಹ ಆಟಗಾರರು ಕೂಡಲೇ ಸುತ್ತುವರಿದರು, ವೈದ್ಯರು ಎದೆ ಒತ್ತಿದರು, ಪಕ್ಕದಲ್ಲೇ ಇದ್ದ ಯಂತ್ರದಿಂದ ವಿದ್ಯುತ್ ಆಘಾತ ಕೊಟ್ಟರು. ಎದೆಯೊಳಗೆ ಒಂದು ಸಣ್ಣ ಸಾಧನ ಕೂರಿಸಿಕೊಂಡು ಮರುವರ್ಷ ಆತ ಮತ್ತೆ ಆಡಿದ. ಆದರೆ ಇಟಲಿಯಲ್ಲಲ್ಲ, ಇಂಗ್ಲೆಂಡಿನಲ್ಲಿ. ಅಂತಹ ಸಾಧನ ಇರುವವರಿಗೆ ಇಟಲಿಯ ನಿಯಮ ಅವಕಾಶ ಕೊಡಲಿಲ್ಲ. ಆ ದೇಶ 1982ರಿಂದಲೇ ಸ್ಪರ್ಧೆಗಿಳಿಯುವ ಪ್ರತಿಯೊಬ್ಬನಿಗೂ ಇಸಿಜಿ ಕಡ್ಡಾಯ ಮಾಡಿದೆ. ಅಲ್ಲಿನ ವೆನೆಟೊ ಪ್ರಾಂತದಲ್ಲಿ ಲಕ್ಷ ಆಟಗಾರರಿಗೆ ವರ್ಷಕ್ಕೆ 3.6ರಷ್ಟಿದ್ದ ಹಠಾತ್ ಹೃದಯ ಸಾವು ಸುಮಾರು 25 ವರ್ಷಗಳಲ್ಲಿ 0.4ಕ್ಕೆ ಇಳಿದುದನ್ನು ಪಡುವಾ ನಗರದ ವೈದ್ಯರು 2006ರಲ್ಲಿ ಪ್ರಕಟಿಸಿದರು. ಅಮೆರಿಕದ ತಜ್ಞರು ಇದನ್ನು ಪೂರ್ತಿ ಒಪ್ಪಿಲ್ಲ. ಇಸಿಜಿ ಆರೋಗ್ಯವಂತರನ್ನೂ ರೋಗಿಗಳೆಂದು ತೋರಿಸಿ ಆಟ ಬಿಡಿಸುತ್ತದೆ ಎಂಬುದು ಅವರ ಆಕ್ಷೇಪ. ಅದು ತಿಳಿದವರ ಜಗಳ, ನಡೆಯಲಿ.

ನಮ್ಮ ಹಾಸನದಲ್ಲಿ 2025ರ ಜೂನ್ ಮತ್ತು ಜುಲೈ ತಿಂಗಳಲ್ಲಿ ಸಣ್ಣ ವಯಸ್ಸಿನವರ ಹೃದಯದ ಸಾವುಗಳು ಸುದ್ದಿಯಾದಾಗಲೂ ಲಸಿಕೆಯ ಮಾತೇ ಮುಂದೆ ಬಂತು. ಜಯದೇವ ಆಸ್ಪತ್ರೆಗಳ ಮುಂದೆ ನಸುಕಿನಲ್ಲೇ ಸಾಲು ನಿಂತ ಜನರನ್ನು ಎಲ್ಲರೂ ಕಂಡಿದ್ದೇವೆ. ಸರಕಾರ ನೇಮಿಸಿದ ತಜ್ಞರ ಸಮಿತಿ ಲಸಿಕೆಯ ಸಂಬಂಧ ಕಾಣಲಿಲ್ಲ. ಬೀಡಿ ಸಿಗರೇಟು, ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ಕಡೆ ಬೆರಳು ತೋರಿತು. ಅದಕ್ಕೂ ಮೊದಲೇ, 2023ರಲ್ಲಿ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 18ರಿಂದ 45 ವಯಸ್ಸಿನ 729 ಹಠಾತ್ ಸಾವುಗಳನ್ನು ಬದುಕಿದ್ದ 2,916 ಮಂದಿಯ ಜೊತೆ ಹೋಲಿಸಿ ನೋಡಿ, ಲಸಿಕೆಯಿಂದ ಅಪಾಯ ಹೆಚ್ಚಾಗಿಲ್ಲ ಎಂದಿತ್ತು. ಮನೆತನದಲ್ಲಿ ಇಂತಹ ಸಾವು ನಡೆದಿರುವುದು, ಹಿಂದಿನ ಒಂದೆರಡು ದಿನಗಳಲ್ಲಿ ಮಿತಿಮೀರಿ ಕುಡಿದಿರುವುದು ಅಥವಾ ವಿಪರೀತ ವ್ಯಾಯಾಮ ಮಾಡಿರುವುದು ಅಪಾಯವನ್ನು ಹೆಚ್ಚಿಸಿದ್ದವು.

ಹಾಸನದ ನಂತರ ನಮ್ಮ ಆರೋಗ್ಯ ಸಚಿವರು ಆಸ್ಪತ್ರೆಯ ಹೊರಗಿನ ಹಠಾತ್ ಸಾವುಗಳ ಶವಪರೀಕ್ಷೆಯ ಮಾತನ್ನೂ ಆಡಿದರು. ಇದು ನಮ್ಮ ಜನರಿಗೆ ಹಿಡಿಸದ ಮಾತು ಎಂಬುದು ನಮಗೆ ಗೊತ್ತು. ಮಯ್ಯಿತ್‌ಗೆ ಕತ್ತರಿ ತಾಗಬಾರದು, ದಫನ್ ತಡವಾಗಬಾರದು ಎಂಬ ಭಾವನೆ ನಮ್ಮ ಮನೆಗಳಲ್ಲಿ ಆಳವಾಗಿದೆ. ಆ ಗೌರವವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ನಿಜವಾದ ಅಗತ್ಯವಿದ್ದಾಗ ಅದಕ್ಕೆ ಅನುಮತಿಯಿದೆ ಎಂದು ಹೇಳಿರುವ ಉಲಮಾಗಳು ಅನೇಕರಿದ್ದಾರೆ. ಹರೆಯದ ಮಗನನ್ನು ಕಾರಣ ತಿಳಿಯದೆ ಮಣ್ಣು ಮಾಡಿದ ಮನೆಯಲ್ಲಿ ಅವನ ತಮ್ಮ, ತಂಗಿ ಇದ್ದಾರಲ್ಲ? ಶವಪರೀಕ್ಷೆ ಬೇಡವೆಂದರೆ ಬೇಡ, ಒಡಹುಟ್ಟಿದವರಿಗೆ ಒಂದು ಇಸಿಜಿ, ಒಂದು ಎಕೋ ಮಾಡಿಸಲು ಯಾವ ಅಡ್ಡಿ? ಊರಿನವರಿಗೆ ಉತ್ತರ ಕೊಡಲು ಅಲ್ಲ, ಫ್ಲೋ ಹೈಮನ್‌ಳ ಸಹೋದರನ ಹಾಗೆ ಒಬ್ಬರಾದರೂ ಉಳಿಯಲಿ ಎಂದು.

ಇನ್ನೊಂದು ಸಂಗತಿ ಹೇಳುವುದು ಉಳಿದಿದೆ. ಬ್ರಾಂಡೈಸ್‌ನಲ್ಲಿ ಲೂಯಿಸ್ ಬಿದ್ದಾಗ ಓಡಿ ಬಂದವರಲ್ಲಿ ಆ ವಿಶ್ವವಿದ್ಯಾನಿಲಯದ ಕಾವಲು ಪೊಲೀಸ್ ಜೇಮ್ಸ್ ಕ್ರೌಲಿ ಒಬ್ಬ, ಬಿಳಿಯ. ಲೂಯಿಸನ ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟು ಬದುಕಿಸಲು ಹೆಣಗಿದವನು ಅವನೇ. ಹದಿನಾರು ವರ್ಷಗಳ ನಂತರ, 2009ರ ಜುಲೈಯಲ್ಲಿ, ಬೋಸ್ಟನ್ ಪಕ್ಕದ ಕೇಂಬ್ರಿಜ್‌ನಲ್ಲಿ ಸಾರ್ಜೆಂಟ್ ಆಗಿದ್ದ ಇದೇ ಕ್ರೌಲಿ, ಒಂದು ಮನೆಗೆ ಯಾರೋ ಬಾಗಿಲು ತಳ್ಳಿ ನುಗ್ಗುತ್ತಿದ್ದಾರೆ ಎಂಬ ಕರೆ ಬಂದು ಹೋದ. ಮನೆಯೊಳಗಿದ್ದವರು ಹಾರ್ವರ್ಡ್ ವಿಶ್ವವಿದ್ಯಾನಿಲಯದ ಕಪ್ಪು ಪ್ರಾಧ್ಯಾಪಕ ಹೆನ್ರಿ ಲೂಯಿಸ್ ಗೇಟ್ಸ್, ಮನೆ ಅವರದ್ದೇ. ಮಾತಿಗೆ ಮಾತು ಬೆಳೆದು ಕ್ರೌಲಿ ಅವರನ್ನು ಬಂಧಿಸಿದ. ದೇಶವೆಲ್ಲ ಎರಡಾಗಿ ಜಗಳವಾಡಿತು. ಆಗ ಪತ್ರಿಕೆಯವರು ಹಳೆಯ ಸಂಗತಿ ಹೊರತೆಗೆದು ಕೇಳಿದಾಗ ಕ್ರೌಲಿ, ಅಂದು ತಾನು ಉಳಿಸಲು ನೋಡಿದ್ದು ಒಬ್ಬ ಮನುಷ್ಯನನ್ನು, ಅವನ ಬಣ್ಣವನ್ನಲ್ಲ ಎಂಬರ್ಥದ ಮಾತು ಹೇಳಿದ. ಗೇಟ್ಸ್ ಮೇಲಿನ ಆರೋಪವನ್ನು ಕೈಬಿಡಲಾಯಿತು. ಜುಲೈ 30ರಂದು ಅಧ್ಯಕ್ಷ ಒಬಾಮಾ ಇಬ್ಬರನ್ನೂ ಶ್ವೇತಭವನದ ತೋಟಕ್ಕೆ ಕರೆಸಿ ಒಂದೇ ಮೇಜಿನ ಸುತ್ತ ಕೂರಿಸಿದರು. ಲೂಯಿಸ್ ಸತ್ತು ಅಂದಿಗೆ 16 ವರ್ಷ, 3 ದಿನ.